ಗ್ರಂಥಿ ಜ್ವರದ ಏಳು ವಾರಗಳು

2024ರ ಜನವರಿ 22ರ ಸಂಜೆ, ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಎಂಜಿನಿಯರಿಂಗ್ ಎರಡನೆಯ ವರ್ಷ ಓದುತ್ತಿದ್ದ ನನ್ನ ಮಗ ಜ್ವರದಲ್ಲಿಯೇ ಬಸ್ಸು ಹತ್ತಿ ತೀರ್ಥಹಳ್ಳಿ ಸಮೀಪದ ನಮ್ಮ ಮನೆಗೆ ಬಂದನು. ಜ್ವರ ಶುರುವಾಗಿ ಆಗಲೇ ನಾಲ್ಕು ದಿನವಾಗಿತ್ತು. ಗಂಟಲು ಎಷ್ಟು ನೋಯುತ್ತಿತ್ತೆಂದರೆ ಉಗುಳು ನುಂಗುವಾಗಲೂ ಕಣ್ಣು ಮುಚ್ಚಿಕೊಳ್ಳುತ್ತಿದ್ದನು. ಎಳ್ಳಮಾವಾಸ್ಯೆ ಜಾತ್ರೆಗೆಂದು ಬಂದವನು ಸಂಕ್ರಾಂತಿಯವರೆಗೂ ಮನೆಯಲ್ಲಿದ್ದು, ಅಪ್ಪನ ಜೊತೆ ಕಾಡಿಗೆ ಹೋಗಿ ಕೊಟ್ಟಿಗೆಗೆ ಎರಡು ಗಾಡಿ ತರಗೆಲೆ ತಂದು ಹಾಕಿದ್ದನು. ಅದಾಗಿ ಸರಿಯಾಗಿ ಐದನೆಯ ದಿನಕ್ಕೆ ಜ್ವರ ಬಂದಿತ್ತು. ಮಲೆನಾಡಿನಲ್ಲಿ ಇರುವವರಿಗೆ ಈ ಲೆಕ್ಕ ಏನು ಹೇಳುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಮಂಗನ ಕಾಯಿಲೆ ಎಂಬ ವೈರಾಣು ಜ್ವರವನ್ನು ಹರಡುವ ಕಾಡಿನ ಉಣುಗು (ಉಣ್ಣೆ ಹುಳು) ಕಚ್ಚಿದ ಮೇಲೆ ಮೂರರಿಂದ ಎಂಟು ದಿನದೊಳಗೆ ಜ್ವರ ಕಾಣಿಸಿಕೊಳ್ಳುತ್ತದೆ, ಮತ್ತು ಆ ಹಂಗಾಮಿನಲ್ಲಿ ನಮ್ಮ ಜಿಲ್ಲೆಯ ಸಾವಿನ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಕೊನೆಗೆ ಅದು ಮಂಗನ ಕಾಯಿಲೆಯಾಗಿರಲಿಲ್ಲ. ನಮ್ಮ ಕಡೆ ಹೆಚ್ಚು ಜನರು ಹೆಸರೇ ಕೇಳಿರದ ಗ್ರಂಥಿ ಜ್ವರವಾಗಿತ್ತು. ವೈದ್ಯರು ಅದನ್ನು ಮೊನೊನ್ಯೂಕ್ಲಿಯೋಸಿಸ್ ಎನ್ನುತ್ತಾರೆ, ಹುಡುಗರು ಮೋನೋ ಎನ್ನುತ್ತಾರೆ. ಈ ಕಾಯಿಲೆಗೆ ನೇರವಾದ ಔಷಧಿ ಇಲ್ಲ. ಆದರೆ ಔಷಧಿ ಇಲ್ಲವೆಂದ ಮಾತ್ರಕ್ಕೆ ಮಾಡುವುದಕ್ಕೆ ಏನೂ ಇಲ್ಲವೆಂದು ಅರ್ಥವಲ್ಲ. ಯಾವುದನ್ನು ಕೊಡಬಾರದು, ಯಾವುದನ್ನು ಎತ್ತಬಾರದು, ಎಷ್ಟು ದಿನ ತಡೆದುಕೊಳ್ಳಬೇಕು ಎಂಬುದರಲ್ಲಿಯೇ ಇದರ ಉಪಚಾರವೆಲ್ಲ ಇದೆ ಎಂಬುದು ಏಳು ವಾರ ಅವನ ಮಗ್ಗುಲಲ್ಲಿ ಕೂತ ಮೇಲೆ ನನಗೆ ಮನದಟ್ಟಾಯಿತು. ಹಾಸ್ಟೆಲಿನಲ್ಲಿ ಮಕ್ಕಳನ್ನು ಬಿಟ್ಟಿರುವ ತಾಯಿತಂದೆಯರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ, ಇಲ್ಲಿರುವುದು ನಮ್ಮ ವೈದ್ಯರು ತಿಳಿಸಿಕೊಟ್ಟದ್ದು, ಆ ಮೇಲೆ ನಾನು ಓದಿ ತಿಳಿದದ್ದು ಮತ್ತು ಕಣ್ಣಾರೆ ಕಂಡದ್ದು.

ಮರುದಿನ ಬೆಳಿಗ್ಗೆಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಮೊದಲು ಕೇಳಿದ್ದು ಕಾಡಿಗೆ ಹೋಗಿದ್ದನೇ, ಸುತ್ತಮುತ್ತ ಮಂಗ ಸತ್ತಿದೆಯೇ, ಉಣುಗು ಕಚ್ಚಿದೆಯೇ ಎಂದು. ರಕ್ತವನ್ನು ತೆಗೆದು ಶಿವಮೊಗ್ಗದಲ್ಲಿರುವ ವೈರಾಣು ಪತ್ತೆ ಪ್ರಯೋಗಾಲಯಕ್ಕೆ ಕಳಿಸಿದರು. ಡೆಂಗಿ ಮತ್ತು ಇಲಿ ಜ್ವರದ ಪರೀಕ್ಷೆಗಳನ್ನೂ ಬರೆದರು. ಈ ಕ್ರಮವನ್ನು ನಾನು ಒತ್ತಿ ಹೇಳುತ್ತೇನೆ: ನಮ್ಮ ಊರುಗಳಲ್ಲಿ ಡಿಸೆಂಬರಿನಿಂದ ಮೇವರೆಗೆ ಜ್ವರ ಬಂದರೆ, ಕತ್ತಿನಲ್ಲಿ ಗಂಟಿರಲಿ ಬಿಡಲಿ, ಮೊದಲು ಪ್ರಾಣಕ್ಕೆ ಎರವಾಗುವ ಕಾಯಿಲೆಗಳನ್ನು ಪರೀಕ್ಷೆ ಮಾಡಿಸಿ ದೂರ ಮಾಡಿಕೊಳ್ಳಬೇಕು. ಗ್ರಂಥಿ ಜ್ವರವಿರಬಹುದೆಂದು ಮನೆಯಲ್ಲಿಯೇ ತೀರ್ಮಾನ ಮಾಡಿಕೊಂಡು ಕೂರುವುದಕ್ಕೆ ಮಲೆನಾಡು ತಕ್ಕ ಜಾಗವಲ್ಲ. ಮಂಗನ ಕಾಯಿಲೆಯ ವರದಿ ಬರುವವರೆಗೂ ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಯಾವ ನೋವಿನ ಮಾತ್ರೆಯನ್ನೂ ಕೊಡಬೇಡಿ ಎಂದು ಎಚ್ಚರಿಸಿದರು, ಏಕೆಂದರೆ ಆಸ್ಪಿರಿನ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಮಂಗನ ಕಾಯಿಲೆಯಲ್ಲಿಯೂ ಡೆಂಗಿಯಲ್ಲಿಯೂ ರಕ್ತಸ್ರಾವವನ್ನು ಹೆಚ್ಚಿಸಬಲ್ಲವು.

ವರದಿಗೆ ಕಾಯುತ್ತಿದ್ದಾಗಲೇ ಎರಡು ಮೂರು ಗುರುತುಗಳು ಬೇರೆ ಕಡೆಗೆ ಬೆರಳು ತೋರಿಸುತ್ತಿದ್ದವು. ಅವು ಏನೆಂದು ಆಗ ನನಗೆ ಗೊತ್ತಿರಲಿಲ್ಲ. ಅವನು ಬಾಯಿ ತೆರೆದಾಗ ಟಾರ್ಚು ಹಾಕಿ ನೋಡಿದೆ. ಎರಡೂ ಕಡೆಯ ಟಾನ್ಸಿಲ್ಲುಗಳು ಊದಿ ನಡುವೆ ಒಂದಕ್ಕೊಂದು ತಾಗುವಂತಿದ್ದವು, ಅವುಗಳ ಮೇಲೆ ಮಜ್ಜಿಗೆಯ ಕೆನೆಯಂತೆ ಬೂದು ಬಿಳುಪಿನ ಪೊರೆ ಕಟ್ಟಿತ್ತು, ಬಾಯಿಯ ಮೇಲಂಗುಳಿನಲ್ಲಿ ಸೂಜಿ ಚುಚ್ಚಿದಷ್ಟು ಸಣ್ಣ ಕೆಂಪು ಚುಕ್ಕೆಗಳಿದ್ದವು. ಅಳುತ್ತಾ ಮಲಗಿ ಎದ್ದವರಂತೆ ಮೇಲಿನ ರೆಪ್ಪೆಗಳು ಬಾತಿದ್ದವು. ಹಾಸ್ಟೆಲಿನಲ್ಲಿ ನಿದ್ದೆಗೆಟ್ಟಿದ್ದಾನೆ ಎಂದುಕೊಂಡೆ. ಎಲ್ಲಕ್ಕಿಂತ ಮುಖ್ಯವಾದದ್ದು ಕತ್ತು. ಸಾಮಾನ್ಯವಾದ ಗಂಟಲು ನೋವಿನಲ್ಲಿ ದವಡೆಯ ಕೆಳಗೆ, ಮುಂಭಾಗದಲ್ಲಿ ಗಂಟು ಸಿಗುವುದು ಹೆಚ್ಚು. ಇವನಿಗೆ ಕಿವಿಯ ಹಿಂದಿನಿಂದ ಶುರುವಾಗಿ ಕತ್ತಿನ ಹಿಂಬದಿಯ ಗೆರೆಯುದ್ದಕ್ಕೂ, ಎರಡೂ ಕಡೆ, ಅವರೆಕಾಳುಗಳನ್ನು ದಾರದಲ್ಲಿ ಪೋಣಿಸಿದಂತೆ ಗಂಟುಗಳು ಬೆರಳಿಗೆ ಸಿಗುತ್ತಿದ್ದವು. ಒತ್ತಿದರೆ ನೋಯುತ್ತಿದ್ದವು, ಚರ್ಮದಡಿ ಆಚೀಚೆ ಜಾರುತ್ತಿದ್ದವು. ಜ್ವರ, ಗಂಟಲು, ಕತ್ತಿನ ಹಿಂಬದಿಯ ಗಂಟು, ಇವುಗಳ ಜೊತೆಗೆ ತಟ್ಟೆ ಎತ್ತಿಡುವುದಕ್ಕೂ ಆಗದಷ್ಟು ಸುಸ್ತು: ಹದಿನೈದರಿಂದ ಇಪ್ಪತ್ತನಾಲ್ಕರ ಪ್ರಾಯದವರಲ್ಲಿ ಈ ನಾಲ್ಕೂ ಕೂಡಿ ಬಂದರೆ ಗ್ರಂಥಿ ಜ್ವರವನ್ನು ನೆನೆಯಬೇಕು ಎಂದು ಆ ಮೇಲೆ ಶಿವಮೊಗ್ಗದ ವೈದ್ಯರು ಹೇಳಿದರು.

ಮೂರನೆಯ ದಿನ ಮೈಮೇಲೆ ಗಂಧೆ ಎದ್ದಿತು. ಎದೆ, ಬೆನ್ನು, ತೋಳು, ಎಲ್ಲೆಲ್ಲಿಯೂ ಕೆಂಪಗೆ ದಡಾರದಂತೆ. ಅತ್ತೆಯವರು ಅಮ್ಮನ ಕಾಟವೆಂದು ಬೇವಿನ ಸೊಪ್ಪು ತರಿಸಿದರು. ನನಗೆ ಮಾತ್ರ ಇದು ಮಂಗನ ಕಾಯಿಲೆಯ ರಕ್ತದ ಚುಕ್ಕೆಗಳೇ ಇರಬೇಕೆಂದು ಕೈಕಾಲು ಆಡದಂತಾಯಿತು. ಕಾರು ಮಾಡಿಸಿಕೊಂಡು ಶಿವಮೊಗ್ಗಕ್ಕೆ ಧಾವಿಸಿದೆವು. ವೈದ್ಯರು ಅವನ ಅಂಗಿ ತೆಗೆಸಿ ನೋಡಿ, ಮೊದಲ ಪ್ರಶ್ನೆಯಾಗಿ, "ಅಮಾಕ್ಸಿಸಿಲಿನ್ ತಗೊಂಡಿದ್ದೀಯೇನಪ್ಪಾ?" ಎಂದು ಕೇಳಿದರು. ನಿಜ, ಆ ಆಂಟಿಬಯಾಟಿಕ್ ಮಾತ್ರೆಯನ್ನು ತೆಗೆದುಕೊಂಡಿದ್ದನು. ಜ್ವರ ಬಂದ ದಿನವೇ ಮೆಡಿಕಲ್ ಶಾಪಿನಲ್ಲಿ ಗಂಟಲು ನೋವೆಂದು ಹೇಳಿದ್ದಕ್ಕೆ ಅವರು ಕೊಟ್ಟ ಹಾಳೆಯ ಮಾತ್ರೆಗಳನ್ನು ಹೊತ್ತು ಹೊತ್ತಿಗೆ ನುಂಗುತ್ತಿದ್ದನು. ಮನೆಗೆ ಬಂದ ಮೇಲೂ ಕೋರ್ಸು ಅರ್ಧಕ್ಕೆ ಬಿಡಬಾರದೆಂದು ನಾನೇ ನೆನಪಿಸಿ ಕೊಟ್ಟಿದ್ದೆ.

ಗ್ರಂಥಿ ಜ್ವರ ಇರುವವರಿಗೆ ಆಂಪಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಕೊಟ್ಟರೆ, ಶುರುಮಾಡಿ ಒಂದು ವಾರದ ಆಸುಪಾಸಿನಲ್ಲಿ ಹೀಗೆ ಮೈತುಂಬ ಗಂಧೆ ಏಳುವುದು ವೈದ್ಯಲೋಕಕ್ಕೆ ಬಹಳ ಹಿಂದಿನಿಂದ ತಿಳಿದ ಸಂಗತಿ. ಇದು ಬಹುಪಾಲು ಜನರಲ್ಲಿ ಜೀವಮಾನದ ಪೆನಿಸಿಲಿನ್ ಅಲರ್ಜಿಯಲ್ಲ, ವೈರಾಣುವಿನ ಹಾವಳಿಯ ನಡುವೆ ಮಾತ್ರ ಕಾಣಿಸುವ ಪ್ರತಿಕ್ರಿಯೆ. ಆದರೂ ವೈದ್ಯರು ನೋಡಿ ಬಗೆಹರಿಸುವವರೆಗೆ ಆ ಮದ್ದನ್ನು ಮತ್ತೆ ಮುಟ್ಟಬಾರದು. ನನ್ನ ನೋವು ಗಂಧೆಯ ಬಗ್ಗೆಯಲ್ಲ, ಅದು ಒಂದು ವಾರದಲ್ಲಿ ಮಾಯವಾಯಿತು. ವೈರಾಣುವಿನ ಮೇಲೆ ಎಳ್ಳಷ್ಟೂ ಕೆಲಸ ಮಾಡದ ಮದ್ದನ್ನು, ಚೀಟಿಯೇ ಇಲ್ಲದೆ, ಹತ್ತೊಂಬತ್ತು ವರ್ಷದ ಹುಡುಗನ ಕೈಗೆ ಕೊಟ್ಟುಬಿಡುವ ಪದ್ಧತಿ ನಮ್ಮಲ್ಲಿ ಎಷ್ಟು ಸಲೀಸಾಗಿದೆಯೆಂದರೆ, ಅದು ತಪ್ಪೆಂದು ಕೊಟ್ಟವರಿಗೂ ಅನಿಸಲಿಲ್ಲ, ತೆಗೆದುಕೊಂಡವನಿಗೂ ಅನಿಸಲಿಲ್ಲ, ನನಗೂ ಅನಿಸಲಿಲ್ಲ.

ಅದೇ ದಿನ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಚಿತ್ರ ಸ್ಪಷ್ಟವಾಗತೊಡಗಿತು. ಮಂಗನ ಕಾಯಿಲೆಯಲ್ಲಿಯೂ ಡೆಂಗಿಯಲ್ಲಿಯೂ ಬಿಳಿ ರಕ್ತಕಣಗಳು ಸಾಮಾನ್ಯವಾಗಿ ಕುಸಿಯುತ್ತವೆ. ಇವನದು ಹದಿನಾಲ್ಕು ಸಾವಿರಕ್ಕೆ ಏರಿತ್ತು, ಅದರಲ್ಲಿ ಲಿಂಫೋಸೈಟು ಎಂಬ ಬಗೆಯ ಬಿಳಿ ಕಣಗಳೇ ಶೇಕಡಾ 68 ಇದ್ದವು. ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದ ವೈದ್ಯರು, ಅವುಗಳಲ್ಲಿ ಹಲವು ಅಸಹಜವಾಗಿ ದೊಡ್ಡದಾಗಿ, ಅಂಚು ಹರಡಿಕೊಂಡಿವೆ ಎಂದು ಬರೆದಿದ್ದರು. ಅರ್ಧಕ್ಕಿಂತ ಹೆಚ್ಚು ಲಿಂಫೋಸೈಟುಗಳು, ಅವುಗಳ ಪೈಕಿ ಶೇಕಡಾ 10ಕ್ಕಿಂತ ಹೆಚ್ಚು ಇಂಥ ಅಸಹಜ ಕಣಗಳು ಇದ್ದರೆ ಗ್ರಂಥಿ ಜ್ವರದ ಸಂಶಯ ಬಲವಾಗುತ್ತದೆ. ಲಿವರಿನ ಕಿಣ್ವಗಳು ಸಹಜಕ್ಕಿಂತ ನಾಲ್ಕು ಪಟ್ಟು ಹೆಚ್ಚಿದ್ದವು. ಎರಡು ದಿನಗಳ ನಂತರ ಮಂಗನ ಕಾಯಿಲೆ ಇಲ್ಲವೆಂಬ ವರದಿ ಬಂದಿತು. ಅದಕ್ಕೆ ಮತ್ತೆ ಮೂರು ದಿನದ ನಂತರ ಗ್ರಂಥಿ ಜ್ವರ ತರುವ ಎಪ್ಸ್ಟೀನ್ ಬಾರ್ ವೈರಾಣುವಿನ ವಿರುದ್ಧ, ಸೋಂಕು ಹೊಸದಾಗಿ ತಗಲಿದಾಗ ದೇಹ ತಯಾರಿಸುವ ಐಜಿಎಂ ಪ್ರತಿಕಾಯ ಇದೆ ಎಂಬ ವರದಿ ಬಂದಿತು. ಮೋನೋಸ್ಪಾಟ್ ಎಂಬ ಅಗ್ಗದ ಪರೀಕ್ಷೆಯೂ ಇದೆ, ಆದರೆ ಕಾಯಿಲೆಯ ಮೊದಲ ವಾರದಲ್ಲಿ ಅದು ನಾಲ್ವರಲ್ಲಿ ಒಬ್ಬರಿಗೆ ಇಲ್ಲವೆಂದೇ ತೋರಿಸಬಹುದು. ಹಾಗಾಗಿ ಒಮ್ಮೆ ಇಲ್ಲವೆಂದು ಬಂದ ಮಾತ್ರಕ್ಕೆ ಕೈಬಿಡುವಂತಿಲ್ಲ. ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸೋಣವೆಂದು ವೈದ್ಯರು ಅವನನ್ನು ಒಪ್ಪಿಸಿಯೇ ಮಾಡಿಸಿದರು. ಒಂದು ಕ್ಷಣ ನನಗೆ ಮುಜುಗರವಾದದ್ದು ಹೌದು. ಆದರೆ ಎಚ್‌ಐವಿ ಸೋಂಕಿನ ಮೊದಲ ವಾರಗಳು ಥೇಟ್ ಹೀಗೆಯೇ ಕಾಣುತ್ತವೆ ಎಂದು ಅವರು ಬಿಡಿಸಿ ಹೇಳಿದ ಮೇಲೆ, ಕೇಳುವ ಧೈರ್ಯವಿರುವ ವೈದ್ಯರು ಸಿಕ್ಕಿದ್ದೇ ಒಳ್ಳೆಯದಾಯಿತೆನಿಸಿತು.

ಈ ವೈರಾಣುವನ್ನು 1964ರಲ್ಲಿ ಆಂಟನಿ ಎಪ್ಸ್ಟೀನ್, ಇವೊನ್ ಬಾರ್ ಮತ್ತು ಬರ್ಟ್ ಅಚಾಂಗ್ ಮೊದಲು ಕಂಡದ್ದು ಆಫ್ರಿಕಾದ ಮಕ್ಕಳಲ್ಲಿ ಬರುತ್ತಿದ್ದ ಒಂದು ಬಗೆಯ ಗಡ್ಡೆಯ ಜೀವಕೋಶಗಳಲ್ಲಿ. ಗ್ರಂಥಿ ಜ್ವರಕ್ಕೂ ಇದೇ ಕಾರಣವೆಂದು ತಿಳಿದ ಬಗೆ ನನ್ನನ್ನು ಬಹಳ ಸೆಳೆಯಿತು. ಫಿಲಡೆಲ್ಫಿಯಾದಲ್ಲಿ ವರ್ನರ್ ಮತ್ತು ಗರ್ಟ್ರೂಡ್ ಹೆನ್ಲೆ ದಂಪತಿಗಳ ಪ್ರಯೋಗಾಲಯದ ಸಹಾಯಕಿಯೊಬ್ಬಳ ರಕ್ತದಲ್ಲಿ ಈ ವೈರಾಣುವಿನ ಪ್ರತಿಕಾಯ ಇರಲಿಲ್ಲ; ಆಕೆಗೆ ಗ್ರಂಥಿ ಜ್ವರ ಬಂದು ಹೋದ ಮೇಲೆ ನೋಡಿದರೆ ಅದು ಇತ್ತು. 1968ರಲ್ಲಿ ಅವರು ಇದನ್ನು ಪ್ರಕಟಿಸಿದರು.

ಜಗತ್ತಿನ ವಯಸ್ಕರಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಜನರ ಮೈಯಲ್ಲಿ ಈ ವೈರಾಣು ಇದೆ. ನನ್ನಲ್ಲಿಯೂ ಇರಬೇಕು, ಇದನ್ನು ಓದುತ್ತಿರುವ ನಿಮ್ಮಲ್ಲಿಯೂ ಇರಬೇಕು. ನಮ್ಮ ದೇಶದಲ್ಲಿ ಬಹುಪಾಲು ಮಕ್ಕಳಿಗೆ ಅಜ್ಜಿಯ ತುತ್ತಿನಿಂದಲೋ ಅಣ್ಣನ ಲೋಟದಿಂದಲೋ ಎಳೆಯ ವಯಸ್ಸಿನಲ್ಲಿಯೇ ಸೋಂಕು ತಗಲಿ, ಎರಡು ದಿನದ ನೆಗಡಿಯಂತೆ ಯಾರ ಗಮನಕ್ಕೂ ಬಾರದೆ ಹೋಗಿಬಿಡುತ್ತದೆ. ಬಾಲ್ಯದಲ್ಲಿ ಅದರಿಂದ ತಪ್ಪಿಸಿಕೊಂಡವರಿಗೆ ಕಾಲೇಜಿನ ಪ್ರಾಯದಲ್ಲಿ ತಗಲಿದರೆ ದೇಹದ ರಕ್ಷಣಾ ಕಣಗಳು ಒಮ್ಮೆಲೇ ಮೇಲೇಳುತ್ತವೆ. ಗಂಟು, ಜ್ವರ, ಸುಸ್ತು ಎಲ್ಲ ಬಹುಮಟ್ಟಿಗೆ ಆ ಹೋರಾಟದ್ದೇ. ನಮ್ಮ ಮನೆಯಲ್ಲಿ ಎಂಜಲಿನ ಕಟ್ಟುನಿಟ್ಟು ಹೆಚ್ಚು. ಲೋಟಕ್ಕೆ ತುಟಿ ತಾಗಿಸದೆ ಎತ್ತಿ ಕುಡಿಯುವುದನ್ನು ಮಕ್ಕಳಿಗೆ ಮೂರನೆಯ ವರ್ಷದಲ್ಲಿಯೇ ಕಲಿಸುತ್ತೇವೆ. ಅದರಿಂದಲೇ ಬಾಲ್ಯದಲ್ಲಿ ಅವನಿಗೆ ಬರಲಿಲ್ಲವೋ ಏನೋ, ನಾನು ಖಚಿತವಾಗಿ ಹೇಳಲಾರೆ. ಹಾಸ್ಟೆಲಿನಲ್ಲಿ ಮಾತ್ರ ಆ ಕಟ್ಟುನಿಟ್ಟು ಇರಲಿಲ್ಲ. ಡಿಸೆಂಬರಿನ ವಾಲಿಬಾಲ್ ಪಂದ್ಯಾವಳಿಯಲ್ಲಿ ತಂಡದ ಹುಡುಗರೆಲ್ಲ ಒಂದೇ ಬಾಟಲಿಗೆ ಬಾಯಿಟ್ಟು ನೀರು ಕುಡಿದಿದ್ದರು. ಸೋಂಕು ತಗಲಿ ಕಾಯಿಲೆ ಕಾಣಿಸುವುದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುವುದರಿಂದ ಲೆಕ್ಕ ಅಲ್ಲಿಗೆ ಹೊಂದುತ್ತದೆ, ಆದರೆ ಯಾರಿಂದ ಬಂದಿತೆಂದು ಹುಡುಕುವುದು ವ್ಯರ್ಥ. ಒಮ್ಮೆ ಸೋಂಕು ತಗಲಿದವರ ಉಗುಳಿನಲ್ಲಿ ವೈರಾಣು ಜೀವನಪರ್ಯಂತ ಆಗೀಗ ಬರುತ್ತಲೇ ಇರುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಮುತ್ತಿನ (ಚುಂಬನದ) ಕಾಯಿಲೆಯೆಂಬ ಅಡ್ಡಹೆಸರಿದೆ. ನೆಂಟರೊಬ್ಬರು ಮೊಬೈಲಿನಲ್ಲಿ ಅದನ್ನು ಓದಿ ಬಂದು ಮಗನ ಎದುರಿಗೇ ಅರ್ಥಗರ್ಭಿತವಾಗಿ ನಕ್ಕರು. ಮೂರು ದಿನ ಅವನು ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಮಲಗಿರುವ ಮಗುವಿಗೆ ಅಂಥ ನಗು ಎಷ್ಟು ಚುಚ್ಚುತ್ತದೆಂದು ದಯವಿಟ್ಟು ಯೋಚಿಸಿ.

ಮನೆಯ ಉಪಚಾರದಲ್ಲಿ ವಿಶೇಷವೇನೂ ಇಲ್ಲ. ಲಿವರಿನ ಕಿಣ್ವ ಏರಿದ್ದರಿಂದ ಪ್ಯಾರಾಸಿಟಮಾಲನ್ನು ದಿನಕ್ಕೆ ಇಷ್ಟೇ ಎಂದು ವೈದ್ಯರು ಕಟ್ಟುಮಾಡಿ ಬರೆದುಕೊಟ್ಟಿದ್ದರು. ಕ್ಯಾಲೆಂಡರಿನ ಮೇಲೆ ಕೊಟ್ಟ ಹೊತ್ತನ್ನು ಗುರುತು ಹಾಕುತ್ತಿದ್ದೆ. ಬೆಚ್ಚಗಿನ ಉಪ್ಪು ನೀರಿನಲ್ಲಿ ಬಾಯಿ ಮುಕ್ಕಳಿಸುವುದು, ತೆಳ್ಳಗಿನ ಗಂಜಿಗೆ ತುಪ್ಪ, ಎಳನೀರು, ಉಪ್ಪು ಹಾಕಿದ ನೀರು ಮಜ್ಜಿಗೆ, ಇಷ್ಟೇ. ಅತ್ತೆಯವರು ಪ್ರೀತಿಯಿಂದ ಮಾಡಿಕೊಟ್ಟ ಮೆಣಸಿನ ಕಷಾಯ ಹುಣ್ಣಾದ ಗಂಟಲಿಗೆ ಬೆಂಕಿಯಂತೆ ತಾಗಿತು. ಮೆಣಸು ಬಿಟ್ಟು ಜೀರಿಗೆ, ಬೆಲ್ಲ ಹಾಕಿ ಕೊಟ್ಟಾಗ ಕುಡಿದನು. ಕಣ್ಣು ಸ್ವಲ್ಪ ಹಳದಿಯಾಗಿದೆಯೆಂದು ಓರಗಿತ್ತಿ ಕಾಮಾಲೆಯ ಹಳ್ಳಿ ಮದ್ದು ತರುತ್ತೇನೆಂದು ಹೊರಟಳು. ಅದನ್ನು ನಾನು ಕೈಮುಗಿದು ತಡೆದೆ. ನಮ್ಮ ಕಡೆ ಆ ಮದ್ದಿನ ಮೇಲೆ ನಂಬಿಕೆಯಿರುವವರು ಬಹಳ, ಅವರ ಮನಸ್ಸು ನೋಯಿಸುವ ಆಸೆ ನನಗಿಲ್ಲ. ಆದರೆ ಮೊದಲೇ ಊದಿಕೊಂಡ ಲಿವರಿಗೆ ಏನು ಸೇರಿದೆಯೆಂದು ಗೊತ್ತಿಲ್ಲದ ಸೊಪ್ಪಿನ ರಸವನ್ನು ಹೊರಿಸುವುದು ಸರಿಯಲ್ಲ. ಗ್ರಂಥಿ ಜ್ವರದಲ್ಲಿ ಲಿವರು ಬಹುತೇಕ ತಾನಾಗಿಯೇ ಸುಧಾರಿಸುತ್ತದೆ, ಇವನಿಗೂ ನಾಲ್ಕು ವಾರದಲ್ಲಿ ಸುಧಾರಿಸಿತು. ಸ್ಟೀರಾಯ್ಡ್ ಕೊಟ್ಟರೆ ಬೇಗ ಏಳುತ್ತಾನಂತೆ ಎಂದವರೂ ಇದ್ದರು. ಟಾನ್ಸಿಲ್ ಊದಿ ಉಸಿರಿಗೆ ಅಡ್ಡಿಯಾಗುವಂಥ ತೊಡಕುಗಳಿಗೆ ಮಾತ್ರ ಅದನ್ನು ಆಸ್ಪತ್ರೆಯಲ್ಲಿ ಕೊಡುತ್ತಾರೆ. ಚಿಕ್ಕ ಮಕ್ಕಳಿಗಾದರೆ ಆಸ್ಪಿರಿನ್ ಕೊಡಲೇಬಾರದು.

ಈ ಕಾಯಿಲೆಯಲ್ಲಿ ನಿಜವಾಗಿ ಭಯಪಡಬೇಕಾದದ್ದು ಗುಲ್ಮದ (ಸ್ಪ್ಲೀನ್) ಬಗ್ಗೆ. ಎಡಗಡೆ ಪಕ್ಕೆಲುಬುಗಳ ಮರೆಯಲ್ಲಿ ಅಡಗಿ ಕೂತಿರುವ, ಬೇರೆ ದಿನಗಳಲ್ಲಿ ಇದೆಯೆಂದೇ ಗೊತ್ತಾಗದ ಅಂಗವದು. ಶಿವಮೊಗ್ಗದ ವೈದ್ಯರು ಅವನನ್ನು ಮಲಗಿಸಿ, ಎಡ ಪಕ್ಕೆಯ ಅಂಚಿನಲ್ಲಿ ಬೆರಳುಗಳನ್ನು ಇಟ್ಟು, "ನಿಧಾನಕ್ಕೆ ಉಸಿರು ಎಳಕೊಳ್ಳಪ್ಪಾ" ಎಂದರು. ಅವನು ಉಸಿರು ಎಳೆದಂತೆ ಒಳಗಿನಿಂದ ಏನೋ ಮೆತ್ತಗೆ ಬಂದು ಅವರ ಬೆರಳ ತುದಿಗೆ ತಾಗಿತಂತೆ. ಅವರು ಮತ್ತೆ ಒತ್ತಲಿಲ್ಲ, ಕೈ ತೆಗೆದುಬಿಟ್ಟರು. ಗ್ರಂಥಿ ಜ್ವರ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಗುಲ್ಮ ಹೀಗೆ ಹಿಗ್ಗುತ್ತದೆ. ಹಿಗ್ಗಿದ ಗುಲ್ಮಕ್ಕೆ ಪೆಟ್ಟು ಬಿದ್ದರೆ, ಕೆಲವೊಮ್ಮೆ ಪೆಟ್ಟಿಲ್ಲದೆ ಭಾರ ಎತ್ತಿ ತಿಣುಕಿದರೂ, ಹರಿದು ಹೊಟ್ಟೆಯೊಳಗೆ ರಕ್ತ ಸುರಿಯಬಹುದು. ಹಾಗಾಗುವುದು ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ. ಆದರೆ ಆಯಿತೆಂದರೆ ತೀರ್ಥಹಳ್ಳಿಯಿಂದ ದೊಡ್ಡ ಆಸ್ಪತ್ರೆಗೆ ಸುಮಾರು ಅರವತ್ತು ಕಿಲೋಮೀಟರ್ ದಾರಿ ಇದೆ.

ಅಪಾಯದ ಕಾಲ ಮೊದಲ ಮೂರು ವಾರಗಳು, ಮತ್ತು ತೊಡಕಿರುವುದು ಅಲ್ಲಿಯೇ. ಎರಡನೆಯ ವಾರದ ಕೊನೆಗೆ ಜ್ವರ ಬಿಟ್ಟು, ಗಂಟಲು ತಿಳಿಯಾಗಿ, ಹುಡುಗನಿಗೆ ತಾನು ಗುಣವಾದೆ ಅನಿಸುತ್ತದೆ. ಗುಲ್ಮ ಮಾತ್ರ ಇನ್ನೂ ಇಳಿದಿರುವುದಿಲ್ಲ. ಫೆಬ್ರವರಿ ಮೊದಲ ವಾರ ನಮ್ಮಲ್ಲಿ ಅಡಿಕೆ ಕೊನೆ (ಗೊಂಚಲು) ಕೊಯ್ಲು ನಡೆಯುತ್ತಿತ್ತು. ಕೊನೆಗೌಡರು ಇಳಿಸಿದ ಅಡಿಕೆ ಕೊನೆಗಳನ್ನು ತೋಟದಿಂದ ಅಂಗಳಕ್ಕೆ ಹೊರುವುದಕ್ಕೆ ಆಳು ಸಾಲದೆ ಯಜಮಾನರು ಒಬ್ಬರೇ ಏಗುತ್ತಿದ್ದರು. ಹಾಸಿಗೆಯಿಂದ ಎದ್ದು ಹೋಗಿ ಅವನು ಹೆಡಿಗೆಗೆ ಕೈ ಹಾಕಿದ್ದನ್ನು ಅಡುಗೆಮನೆಯ ಕಿಟಕಿಯಿಂದ ಕಂಡ ನಾನು ಕೂಗಿದ ಕೂಗಿಗೆ ಕೊಟ್ಟಿಗೆಯ ದನಗಳೂ ಬೆದರಿ ಎದ್ದವು. ಅಪ್ಪ ಹೊರುತ್ತಿರುವಾಗ ತಾನು ಜಗಲಿಯಲ್ಲಿ ಕೂತಿರುವುದು ಅವನಿಗೆ ಅವಮಾನದಂತೆ ಕಂಡಿತ್ತು. ಇವರೇ ಹೆಡಿಗೆ ಕೆಳಗಿಟ್ಟು ಬಂದು ಅವನ ಪಕ್ಕದಲ್ಲಿ ಕೂತು, "ಈ ವರ್ಷ ನಾಲ್ಕು ಕೊನೆ ಹಾಳಾದರೆ ಆಗಲಿ ಮಾರಾಯ, ನೀನು ಅಲುಗಾಡಬೇಡ" ಎಂದರು. ಭಾರ ಎತ್ತುವುದು, ಮರ ಹತ್ತುವುದು, ವಾಲಿಬಾಲ್, ಗುಂಡಿ ಬಿದ್ದ ರಸ್ತೆಯಲ್ಲಿ ಬೈಕಿನ ಹಿಂದೆ ಕೂರುವುದು, ಎಲ್ಲವನ್ನೂ ನಮ್ಮ ವೈದ್ಯರು ಕಾಯಿಲೆ ಶುರುವಾದಲ್ಲಿಂದ ಆರು ವಾರ ನಿಷೇಧಿಸಿದ್ದರು. ಸಾಮಾನ್ಯವಾಗಿ ಕನಿಷ್ಠ ಮೂರು ವಾರ, ಮೈಗೆ ಮೈ ತಾಗುವ ಆಟಗಳಿಗೆ ನಾಲ್ಕು ವಾರ ಅಥವಾ ಅದಕ್ಕೂ ಹೆಚ್ಚು ಎನ್ನುತ್ತಾರೆ. ಇವನ ಗುಲ್ಮ ಸ್ಕ್ಯಾನಿಂಗಿನಲ್ಲಿ ಚೆನ್ನಾಗಿ ಹಿಗ್ಗಿದ್ದುದು ಕಂಡಿದ್ದರಿಂದ ಹೆಚ್ಚು ದಿನ ಹೇಳಿದ್ದರು.

ಅವರು ಚೀಟಿಯ ಹಿಂಬದಿಯಲ್ಲಿ ಬರೆದುಕೊಟ್ಟ ಎಚ್ಚರಿಕೆಗಳನ್ನು ನಾನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ಎಡಗಡೆ ಹೊಟ್ಟೆಯ ಮೇಲ್ಭಾಗದಲ್ಲಿ ದಿಢೀರನೆ ನೋವು, ಅದರ ಜೊತೆ ಎಡ ಭುಜದ ತುದಿಯಲ್ಲಿ ನೋವು, ತಲೆ ಸುತ್ತಿ ಕಣ್ಣು ಕತ್ತಲೆಗಟ್ಟುವುದು. ಉಸಿರಾಡುವಾಗ ಸದ್ದು ಬರುವುದು ಅಥವಾ ಉಗುಳು ಸಹ ನುಂಗಲಾಗದೆ ಹೊರಗೆ ಸುರಿಯುವುದು. ಕುತ್ತಿಗೆ ಸೆಟೆದು ಮಾತು ತಪ್ಪುವುದು. ಎಲ್ಲಿಂದಲಾದರೂ ರಕ್ತ ಬರುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆಮಾಡಬೇಕು. ದೇವರ ದಯೆ, ನಮಗೆ ಆ ಪ್ರಸಂಗ ಬರಲಿಲ್ಲ.

ಸುಸ್ತು ಬಿಡುವುದಕ್ಕೆ ಹೆಚ್ಚು ದಿನ ಹಿಡಿಯಿತು. ಹೆಚ್ಚಿನವರಿಗೆ ಎರಡರಿಂದ ನಾಲ್ಕು ವಾರದಲ್ಲಿ ಮೈ ಹಗುರಾಗುತ್ತದೆ, ಸುಮಾರು ಹತ್ತರಲ್ಲಿ ಒಬ್ಬರಿಗೆ ಆರು ತಿಂಗಳವರೆಗೂ ಎಳೆಯುವುದುಂಟು. ಬೆಳಿಗ್ಗೆ ಹತ್ತಕ್ಕೆ ಎದ್ದು ತಿಂಡಿ ತಿಂದು ಹನ್ನೊಂದಕ್ಕೆ ಮತ್ತೆ ಮಲಗುವ ಮಗನನ್ನು ಕಂಡು, ಸೋಮಾರಿತನ ಅಂಟಿಕೊಂಡಿತೇನೋ ಎಂದು ಮನೆಯಲ್ಲಿ ಮಾತು ಬಂದಿತು. ಅದು ಸೋಮಾರಿತನವಲ್ಲ. ಹಾಗೆಂದು ಪೂರಾ ಮಲಗಿಸಿಬಿಡುವುದೂ ಒಳ್ಳೆಯದಲ್ಲವೆಂದು ವೈದ್ಯರು ಹೇಳಿದ್ದರಿಂದ, ಮೊದಲು ತೋಟದ ದಣಪೆಯವರೆಗೆ, ಮರುವಾರ ಹಳ್ಳದವರೆಗೆ, ಅದರ ಮರುವಾರ ಬಸ್‌ಸ್ಟ್ಯಾಂಡಿನವರೆಗೆ ನಡೆಸಿಕೊಂಡು ಹೋದೆ. ನಡೆದ ಮರುದಿನ ಹೆಚ್ಚು ದಣಿದರೆ ಒಂದು ದಿನ ಬಿಟ್ಟುಬಿಡುತ್ತಿದ್ದೆವು. ಹಾಜರಾತಿಯ ಚಿಂತೆ ಅವನನ್ನು ಕಾಯಿಲೆಗಿಂತ ಹೆಚ್ಚು ಕೊರೆಯುತ್ತಿತ್ತು. ವೈದ್ಯರ ಪ್ರಮಾಣಪತ್ರವನ್ನು ಮೊದಲ ವಾರದಲ್ಲಿಯೇ ಕಾಲೇಜಿಗೆ ತಲುಪಿಸಿದ್ದು ಒಳ್ಳೆಯದಾಯಿತು. ಬೇರೆ ಕೋಣೆ, ಮಾಸ್ಕು ಇವುಗಳ ಅಗತ್ಯವಿಲ್ಲ. ಲೋಟ, ಚಮಚ, ಹಲ್ಲುಜ್ಜುವ ಬ್ರಷ್ಷು ಬೇರೆ ಇದ್ದರೆ ಸಾಕು.

ಇನ್ನೊಂದು ವಿಷಯವನ್ನು ಹೇಳದೆ ಬಿಡಲಾರೆ. ಕತ್ತಿನ ಗಂಟೆಲ್ಲ ಗ್ರಂಥಿ ಜ್ವರವಲ್ಲ. ನಮ್ಮ ದೇಶದಲ್ಲಿ ವಾರಗಟ್ಟಲೆ ಇಳಿಯದ ಕತ್ತಿನ ಗಂಟಿಗೆ ಕ್ಷಯ ಒಂದು ದೊಡ್ಡ ಕಾರಣ. ಗಂಟು ನಾಲ್ಕಾರು ವಾರ ಕಳೆದರೂ ಕರಗದಿದ್ದರೆ, ನೋವಿಲ್ಲದೆ ಗಟ್ಟಿಯಾಗಿ ಬೆಳೆಯುತ್ತಿದ್ದರೆ, ಕೊರಳ ಮೂಳೆಯ ಮೇಲೆ ಕಾಣಿಸಿಕೊಂಡರೆ, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇದ್ದರೆ, ಸೂಜಿ ಹಾಕಿ ಪರೀಕ್ಷೆ ಮಾಡಿಸಲೇಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆಗೂ ಔಷಧಿಗೂ ಹಣ ಕೊಡಬೇಕಾಗಿಲ್ಲ.

ಮಾರ್ಚ್ ಎಂಟರಂದು, ಜ್ವರ ಶುರುವಾಗಿ ಏಳು ವಾರ ತುಂಬಿದ ದಿನ, ಕಡೆಯ ತಪಾಸಣೆಗೆ ಹೋದೆವು. ವೈದ್ಯರು ಉಸಿರು ಎಳೆಸಿ ನೋಡಿದರು, ಬೆರಳಿಗೆ ಏನೂ ತಾಗಲಿಲ್ಲ. ಕತ್ತಿನ ಗಂಟುಗಳಲ್ಲಿ ಎಡ ಕಿವಿಯ ಹಿಂದೆ ಹೆಸರುಕಾಳಿನಷ್ಟು ಒಂದು ಮಾತ್ರ ಉಳಿದಿತ್ತು, ತಿಂಗಳಿಗೊಮ್ಮೆ ಮುಟ್ಟಿ ನೋಡಿ ಎಂದರು. ಅವನ ಕಡತದ ಮೊದಲ ಪುಟದಲ್ಲಿ, ಗ್ರಂಥಿ ಜ್ವರದಲ್ಲಿ ಅಮಾಕ್ಸಿಸಿಲಿನ್‌ನಿಂದ ಗಂಧೆ ಎದ್ದಿತ್ತು ಎಂದು ಕೆಂಪು ಶಾಯಿಯಲ್ಲಿ ಬರೆದುಕೊಟ್ಟರು, ಮುಂದೆ ಯಾವ ವೈದ್ಯರು ನೋಡಿದರೂ ಕಾಣಲೆಂದು. ಅಲ್ಲಿಂದ ನೇರವಾಗಿ ಅವನನ್ನು ಹಾಸ್ಟೆಲಿಗೆ ಬಿಟ್ಟೆವು. ಚೀಲವನ್ನು ಮೂರನೆಯ ಮಹಡಿಗೆ ಅವರಪ್ಪನೇ ಹೊತ್ತುಕೊಂಡು ಹೋದರು. ಮೇ ತಿಂಗಳಲ್ಲಿ ಊರಿಗೆ ಬಂದಾಗ ಕಿವಿಯ ಹಿಂದೆ ಬೆರಳಾಡಿಸಿ ನೋಡಿದೆ, ಆ ಹೆಸರುಕಾಳು ಇರಲಿಲ್ಲ.